ಮನೆಯ ನೀರಿನ ಲೆಕ್ಕ

ಅಕ್ಕಿ, ಬೇಳೆ, ಎಣ್ಣೆ, ಹಾಲು ಇವುಗಳ ಲೆಕ್ಕವನ್ನು ಬರೆದಿಡುವ ಪದ್ಧತಿಯು ನಮ್ಮಲ್ಲಿ ಅನೇಕ ಮನೆಗಳಲ್ಲುಂಟು. ಆದರೆ ಇವೆಲ್ಲಕ್ಕಿಂತಲೂ ಅವಶ್ಯವಾದ ನೀರಿನ ಲೆಕ್ಕವನ್ನು ಬರೆದಿಡುವ ಮನೆಗಳು ಬಹು ವಿರಳ. ಬಾವಿಯಿಂದ ಸೇದಿ, ಕೊಡವನ್ನು ಸೊಂಟದ ಮೇಲಿಟ್ಟು ತರುವವರಿಗೆ ಬೇರೆ ಲೆಕ್ಕವೇ ಬೇಕಿಲ್ಲ. ದಿನಕ್ಕೆ ಎಷ್ಟು ಕೊಡ ನೀರು ವೆಚ್ಚವಾಯಿತೆಂಬುದನ್ನು ಅವರ ತೋಳುಗಳೇ ಹೇಳುವುವು. ನಲ್ಲಿಯು ಮನೆಯೊಳಕ್ಕೆ ಬಂದಲ್ಲಿ ಆ ಶ್ರಮವು ತಪ್ಪಿತು; ಅದರೊಡನೆ ಲೆಕ್ಕವೂ ತಪ್ಪಿತು. ಶ್ರಮವು ತಪ್ಪಿದುದು ಒಳ್ಳೆಯದೇ. ಲೆಕ್ಕವನ್ನು ಮಾತ್ರ ನಾವು ಪುನಃ ಕಲಿಯತಕ್ಕದ್ದು.

ಏಕೆಂದರೆ, ನಲ್ಲಿಯ ನೀರು ಸುಲಭವಾಗಿ ಬಂದಂತೆ ಕಂಡರೂ ಅದು ಸುಲಭವಾಗಿ ಬಂದುದಲ್ಲ. ಬೆಂಗಳೂರಿಗೆ ಕಾವೇರಿಯ ನೀರು ಮೊದಲು ಬಂದುದು ೧೯೭೪ರಲ್ಲಿ. ಅದನ್ನು ಸುಮಾರು ೧೦೦ ಕಿಲೋಮೀಟರ್ ದೂರದಿಂದ, ಸುಮಾರು ೫೦೦ ಮೀಟರ್ ಎತ್ತರಕ್ಕೆ ಯಂತ್ರಗಳ ಬಲದಿಂದ ಏರಿಸಿ ತರಬೇಕಾಗಿದೆ. ೨೦೨೪ರ ಬೇಸಗೆಯಲ್ಲಿ ಅಲ್ಲಿ ಅನೇಕ ಕೊಳವೆ ಬಾವಿಗಳು ಬತ್ತಿಹೋದಾಗ, ಕುಡಿಯುವ ನೀರಿನಿಂದ ವಾಹನಗಳನ್ನು ತೊಳೆಯುವವರಿಗೂ ತೋಟಕ್ಕೆ ಹಾಯಿಸುವವರಿಗೂ ಜಲಮಂಡಳಿಯು ೫,೦೦೦ ರೂಪಾಯಿ ದಂಡವನ್ನು ಗೊತ್ತುಮಾಡಿತು. ದಂಡದ ಭಯದಿಂದ ಮಿತವ್ಯಯವನ್ನು ಕಲಿಯುವುದಕ್ಕಿಂತ ಲೆಕ್ಕದಿಂದ ಕಲಿಯುವುದು ಉತ್ತಮವಲ್ಲವೇ?

ಲೆಕ್ಕದಲ್ಲಿ ಎರಡು ಭಾಗಗಳುಂಟು. ಮೊದಲನೆಯದು ಅಂದಾಜು, ಎರಡನೆಯದು ಅಳತೆ. ಅಂದಾಜಿಗೆ ಮನೆಯ ಬಕೆಟ್ಟೇ ಸಾಕಾದ ಮಾನ. ಒಂದು ಲೀಟರಿನ ಬಾಟಲಿಯಿಂದ ಅದನ್ನು ತುಂಬಿಸಿ, ಎಷ್ಟು ಲೀಟರ್ ಹಿಡಿಯುವುದೆಂದು ಒಮ್ಮೆ ತಿಳಿದುಕೊಳ್ಳಬೇಕು. ಅದು ೧೫ ಲೀಟರಿನದೆಂದೂ ಮನೆಯಲ್ಲಿ ಐವರಿರುವರೆಂದೂ ಭಾವಿಸಿ ಒಂದು ದಿನದ ವೆಚ್ಚವನ್ನು ಬರೆಯೋಣ.

ಸ್ನಾನಕ್ಕೆ, ತಲಾ ೨ ಬಕೆಟ್: ೧೫೦ ಲೀಟರ್
ಶೌಚಾಲಯಕ್ಕೆ, ತಲಾ ೫ ಸಾರಿ, ಸಾರಿಗೆ ೬ ಲೀಟರ್: ೧೫೦ ಲೀಟರ್
ಬಟ್ಟೆ ಒಗೆಯಲು, ೬ ಬಕೆಟ್: ೯೦ ಲೀಟರ್
ಪಾತ್ರೆ ತೊಳೆಯಲು, ೩ ಬಕೆಟ್: ೪೫ ಲೀಟರ್
ಕೈಕಾಲು, ಮುಖ ತೊಳೆಯಲು, ತಲಾ ೮ ಲೀಟರ್: ೪೦ ಲೀಟರ್
ಕುಡಿಯಲು ಮತ್ತು ಅಡುಗೆಗೆ, ತಲಾ ೬ ಲೀಟರ್: ೩೦ ಲೀಟರ್
ನೆಲ, ಅಂಗಳಗಳಿಗೆ, ೨ ಬಕೆಟ್: ೩೦ ಲೀಟರ್
ಹೂಗಿಡಗಳಿಗೆ, ೧ ಬಕೆಟ್: ೧೫ ಲೀಟರ್

ಒಟ್ಟು ೫೫೦ ಲೀಟರ್. ಮೂವತ್ತು ದಿನಗಳಿಗೆ ೧೬,೫೦೦ ಲೀಟರ್. ನೆಂಟರ ಬರವು, ಕಂಬಳಿಗಳನ್ನು ಒಗೆಯುವುದು, ತೊಟ್ಟಿಯನ್ನು ಶುಚಿಮಾಡುವುದು ಇವುಗಳಿಗಾಗಿ ಇನ್ನೂ ೧,೫೦೦ ಸೇರಿಸಿದರೆ ತಿಂಗಳ ಅಂದಾಜು ೧೮,೦೦೦ ಲೀಟರ್. ಬಕೆಟ್ಟಿಲ್ಲದೆ ನಲ್ಲಿಯಿಂದ ನೇರವಾಗಿ ಬಳಸುವಲ್ಲಿ ಗಡಿಯಾರವು ನೆರವಾಗುವುದು. ಹೇಗೆಂದರೆ, ಆ ಬಕೆಟ್ಟು ಒಂದೂವರೆ ನಿಮಿಷದಲ್ಲಿ ತುಂಬಿದರೆ ನಲ್ಲಿಯು ನಿಮಿಷಕ್ಕೆ ೧೦ ಲೀಟರ್ ಸುರಿಸುವುದೆಂದಾಯಿತು. ಅದನ್ನು ತೆರೆದಿಟ್ಟು ಮೂರು ನಿಮಿಷ ಹಲ್ಲುಜ್ಜುವವರು ಎರಡು ಬಕೆಟ್ ನೀರನ್ನು, ಎಂದರೆ ಒಬ್ಬರ ಸ್ನಾನದ ನೀರನ್ನು, ಬರಿದೇ ಹರಿಯಬಿಡುವರು.

ಇನ್ನು ಅಳತೆ. ಮೀಟರಿನಲ್ಲಿ ಕಪ್ಪು ಅಂಕೆಗಳು ಸಾಮಾನ್ಯವಾಗಿ ಕಿಲೋಲೀಟರುಗಳನ್ನು, ಎಂದರೆ ಸಾವಿರ ಲೀಟರುಗಳನ್ನು, ತೋರಿಸುವುವು. ಕೆಂಪು ಅಂಕೆಗಳು ಅದರ ಭಾಗಗಳನ್ನು ತೋರಿಸುವುವು. ಪ್ರತಿ ತಿಂಗಳ ಒಂದನೆಯ ತಾರೀಖು ಇದನ್ನು ಓದಿ ಬರೆದಿಡಬೇಕು. ಈ ತಿಂಗಳು ೪೧೨, ಮುಂದಿನ ತಿಂಗಳು ೪೩೩ ಇದ್ದರೆ ಮನೆಗೆ ೨೧,೦೦೦ ಲೀಟರ್ ಬಂದಿರುವುದು. ಆದರೆ ಬಂದುದೇ ಬಳಸಿದುದಲ್ಲ. ನೆಲದೊಳಗಿನ ಸಂಪು ಇರುವ ಮನೆಗಳಲ್ಲಿ ಮೀಟರು ಸಂಪಿಗೆ ಬಿದ್ದ ನೀರನ್ನು ಮಾತ್ರ ಹೇಳುವುದು. ಆದುದರಿಂದ ಅದೇ ದಿನ, ಮೇಲಿನ ತೊಟ್ಟಿಯನ್ನು ತುಂಬಿಸಿದ ಬಳಿಕ, ಉದ್ದವಾದ ಕೋಲಿನಿಂದ ಸಂಪಿನ ನೀರಿನ ಆಳವನ್ನೂ ನೋಡಬೇಕು. ಸಂಪು ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲವಿದ್ದರೆ ಒಂದು ಸೆಂಟಿಮೀಟರ್ ಆಳಕ್ಕೆ ೪೦ ಲೀಟರ್ ನೀರು. ಕಳೆದ ತಿಂಗಳಿಗಿಂತ ೨೫ ಸೆಂಟಿಮೀಟರ್ ಕಡಮೆಯಿದ್ದರೆ, ೧,೦೦೦ ಲೀಟರನ್ನು ಕೂಡಿಸತಕ್ಕದ್ದು. ಹೀಗೆ ನಿಜವಾದ ವೆಚ್ಚವು ೨೨,೦೦೦ ಲೀಟರ್ ಎಂದಾಗುವುದು. ಟ್ಯಾಂಕರಿನಿಂದ ಕೊಂಡ ನೀರಿದ್ದರೆ ಅದನ್ನೂ ಸೇರಿಸಬೇಕು.

ಅಂದಾಜು ೧೮,೦೦೦, ಅಳತೆ ೨೨,೦೦೦. ಈ ೪,೦೦೦ ಲೀಟರ್ ಎಲ್ಲಿಗೆ ಹೋಯಿತು? ಈ ಪ್ರಶ್ನೆಯೇ ಲೆಕ್ಕದ ಸಾರವು. ಅಂದಾಜು ಮಾತ್ರ ಇದ್ದರೂ, ಅಳತೆ ಮಾತ್ರ ಇದ್ದರೂ ಅದು ಹುಟ್ಟುತ್ತಿರಲಿಲ್ಲ. ಮನೆಯವರ ಮೇಲೆ ತಪ್ಪು ಹೊರಿಸುವುದಕ್ಕೆ ಮುಂಚೆ ಒಂದು ರಾತ್ರಿ ಪರೀಕ್ಷೆ ಮಾಡೋಣ. ಹನ್ನೊಂದು ಗಂಟೆಗೆ ಎಲ್ಲ ನಲ್ಲಿಗಳನ್ನೂ ಮುಚ್ಚಿ, ಮೇಲಿನ ತೊಟ್ಟಿಯ ನೀರಿನ ಮಟ್ಟವನ್ನು ಗುರುತಿಸಿ, ಬೆಳಗಿನ ಐದು ಗಂಟೆಗೆ, ಯಾರೂ ನೀರು ಮುಟ್ಟುವ ಮೊದಲು, ಪುನಃ ನೋಡಬೇಕು. ತೊಟ್ಟಿಯು ಒಂದು ಮೀಟರ್ ಚೌಕವಾಗಿದ್ದು ನೀರು ಮೂರು ಸೆಂಟಿಮೀಟರ್ ಇಳಿದಿದ್ದರೆ, ಆರು ಗಂಟೆಗಳಲ್ಲಿ ೩೦ ಲೀಟರ್ ಸೋರಿತು. ದಿನಕ್ಕೆ ೧೨೦; ತಿಂಗಳಿಗೆ ೩,೬೦೦. ಉಳಿದ ೪೦೦ ಅಂದಾಜಿನ ಹೆಚ್ಚು ಕಡಮೆ. ಸೋರಿಕೆಯು ಶೌಚಾಲಯದ ಫ್ಲಷ್ ತೊಟ್ಟಿಯಲ್ಲಿದೆಯೇ ಎಂದು ತಿಳಿಯಲು, ಬಟ್ಟೆಗೆ ಹಾಕುವ ನೀಲಿಯನ್ನು ಅದರಲ್ಲಿ ಸ್ವಲ್ಪ ಬೆರೆಸಿ ಅರ್ಧ ಗಂಟೆ ಕಾಯಬೇಕು. ನೀರು ಬಿಡದೆಯೇ ಕೆಳಗಿನ ಪೀಠದಲ್ಲಿ ನೀಲಿ ಬಣ್ಣವು ಕಂಡರೆ ಕಳ್ಳನು ಸಿಕ್ಕಿದನೆಂದೇ ತಿಳಿಯಬಹುದು.

ಈ ೩,೬೦೦ ಲೀಟರಿನ ಬೆಲೆಯೇನು? ಜಲಮಂಡಳಿಯ ಬಿಲ್ಲಿನಲ್ಲಿ ಅದು ಅಲ್ಪವಾಗಿ ಕಾಣಬಹುದು. ಆದರೆ ಬೇರೊಂದು ತಕ್ಕಡಿಯಲ್ಲಿ ತೂಗಿ ನೋಡೋಣ. ಒಳಚರಂಡಿಯುಳ್ಳ ನಗರಗಳಲ್ಲಿ ತಲಾ ದಿನಕ್ಕೆ ೧೩೫ ಲೀಟರ್ ಎಂಬುದು ನಮ್ಮ ದೇಶದ ಮಾನದಂಡ. ೧೯೧೯ರಲ್ಲಲ್ಲ, ನಮ್ಮ ಕಾಲದಲ್ಲೇ, ೨೦೧೯ರಲ್ಲಿ ಆರಂಭವಾದ ಜಲ ಜೀವನ ಮಿಷನ್ ಹಳ್ಳಿಯ ಮನೆಗಳಿಗೆ ಗೊತ್ತುಮಾಡಿದ ಗುರಿಯು ತಲಾ ೫೫ ಲೀಟರ್ ಮಾತ್ರ. ನಮ್ಮ ಉದಾಹರಣೆಯ ಮನೆಯವರು ಬಳಸಿದುದು ತಲಾ ಸುಮಾರು ೧೨೦. ಅವರ ಹೆಸರಿನಲ್ಲಿ ವೆಚ್ಚವಾದುದು ಸುಮಾರು ೧೪೭. ಸೋರಿದ ನೀರು ಯಾರ ದಾಹವನ್ನೂ ತಣಿಸಲಿಲ್ಲ, ಯಾರ ಬಟ್ಟೆಯನ್ನೂ ಬೆಳಗಲಿಲ್ಲ. ಹಳ್ಳಿಯ ಗುರಿಯಂತೆ ಅದು ಇಬ್ಬರಿಗೆ ಇಡೀ ತಿಂಗಳು ಸಾಕಾಗಿ ಮಿಗುತ್ತಿತ್ತು.

ಸೋದರಿಯರೇ, ಇದಕ್ಕೆ ಬೇಕಾದುದು ಒಂದು ಕಿರುಪುಸ್ತಕ, ಒಂದು ಕೋಲು, ತಿಂಗಳಿಗೆ ಹತ್ತು ನಿಮಿಷ. ಪುಸ್ತಕದ ಒಂದು ಪುಟದಲ್ಲಿ ತಾರೀಖು, ಮೀಟರಿನ ಅಂಕೆ, ಸಂಪಿನ ಆಳ, ತಿಂಗಳ ವೆಚ್ಚ, ತಲಾ ದಿನದ ವೆಚ್ಚ ಎಂದು ಐದು ಕಲಮುಗಳನ್ನು ಎಳೆದರೆ ಸಾಕು. ಬೇಸಗೆಯಲ್ಲಿ ಅಂಕೆಯು ಏರಿದರೆ ಆಶ್ಚರ್ಯವಿಲ್ಲ. ಕಾರಣವಿಲ್ಲದೆ ಏರಿದರೆ ಹುಡುಕತಕ್ಕದ್ದು. ಈ ಕೆಲಸವನ್ನು ಮನೆಯ ಹೆಣ್ಣುಮಕ್ಕಳೇ ಮಾಡಬೇಕೆಂದು ನಿಯಮವೇನೂ ಇಲ್ಲ. ಅಣ್ಣತಮ್ಮಂದಿರಿಗೂ ಸರದಿಯಂತೆ ವಹಿಸಬಹುದು. ಆದರೆ ಮೊದಲನೆಯ ಸಾಲನ್ನು ಬರೆಯುವ ಗೌರವವು ನಮ್ಮದಾಗಲಿ.