ಫೈಬರ್ ಕ್ಲೇ ಹೂಕುಂಡಗಳು: ತೂಕದ ಲೆಕ್ಕ, ವ್ಯಾಪಾರದ ಲೆಕ್ಕ

ಕಾಂಕ್ರೀಟಿನೊಳಗೆ ಕಬ್ಬಿಣ ಹುದುಗಿಸುವ ವಿದ್ಯೆ ಇಂದು ಸೇತುವೆ, ಅಣೆಕಟ್ಟುಗಳಿಗೆ ಆಧಾರವಾಗಿದೆ. ಆದರೆ ಅದರ ಆರಂಭದ ಪೇಟೆಂಟುಗಳಲ್ಲೊಂದು ದೊರೆತದ್ದು ತೋಟದ ಕುಂಡಕ್ಕೆ. ಮಣ್ಣಿನ ಕುಂಡ ಒಡೆಯುತ್ತದೆ, ಮರದ ತೊಟ್ಟಿ ಕೊಳೆಯುತ್ತದೆ ಎಂಬ ತೊಂದರೆಗೆ ಪರಿಹಾರ ಹುಡುಕುತ್ತಿದ್ದ ಫ್ರಾನ್ಸಿನ ತೋಟಗಾರ ಜೋಸೆಫ್ ಮೋನಿಯೇ, ಕಬ್ಬಿಣದ ಬಲೆಗೆ ಸಿಮೆಂಟ್ ಮೆತ್ತಿದ ತೊಟ್ಟಿಗಳಿಗೆ 1867ರಲ್ಲಿ ಪೇಟೆಂಟ್ ಪಡೆದರು. ಫೈಬರ್ ಕ್ಲೇ ಕುಂಡ ಅದೇ ಆಲೋಚನೆಯ ಮುಂದುವರಿಕೆ. ಕಬ್ಬಿಣದ ಸ್ಥಾನದಲ್ಲಿ ಗಾಜಿನ ನಾರು ಬಂದಿದೆ. ಗೋಡೆಯ ಮಣ್ಣಿಗೆ ಹುಲ್ಲು ಕಲಸುತ್ತಿದ್ದ ಹಳ್ಳಿಗರಿಗೆ ಇದರ ಮರ್ಮ ಹೊಸದೇನಲ್ಲ.

ಜೇಡಿಮಣ್ಣಿನ ಪುಡಿ, ಸಿಮೆಂಟ್ ಅಥವಾ ರೆಸಿನ್ ಹಾಗೂ ಗಾಜಿನ ನಾರಿನ ಮಿಶ್ರಣವನ್ನು ಅಚ್ಚಿನೊಳಗೆ ಪದರ ಪದರವಾಗಿ ಮೆತ್ತಿ, ಗಟ್ಟಿಯಾಗಲು ಬಿಡಲಾಗುತ್ತದೆ. ಆವಿಗೆಯ ಅಗತ್ಯವಿಲ್ಲ. ಮಿಶ್ರಣದ ಪ್ರಮಾಣ ತಯಾರಕರಿಂದ ತಯಾರಕರಿಗೆ ಬೇರೆಯಾಗುವುದರಿಂದ, ಹೆಸರು ಒಂದೇ ಆದರೂ ಸರಕು ಒಂದೇ ಅಲ್ಲ. ವಿಯೆಟ್ನಾಂ, ಚೀನಾಗಳಿಂದ ಇವು ಚಳಿದೇಶಗಳಿಗೆ ರಫ್ತಾಗುತ್ತವೆ. ಸುಟ್ಟ ಮಣ್ಣು ಹೀರಿಕೊಂಡ ನೀರು ಹೆಪ್ಪುಗಟ್ಟುವಾಗ ಸುಮಾರು ಶೇಕಡ 9ರಷ್ಟು ಹಿಗ್ಗಿ ಕುಂಡವನ್ನು ಸೀಳುವುದು ಅಲ್ಲಿನ ಸಮಸ್ಯೆ. ಬೆಂಗಳೂರಿನ ಗ್ರಾಹಕನಿಗೆ ಆ ಚಿಂತೆಯಿಲ್ಲ. ಆತನ ಚಿಂತೆ ತಾರಸಿಯದು.

‘ಹಗುರ ಕುಂಡ ಕೊಂಡರೆ ತಾರಸಿ ಸುರಕ್ಷಿತ’ ಎಂಬುದು ಅಂಗಡಿಗಳಲ್ಲಿ ಕೇಳಿಬರುವ ಮಾತು. ಇದು ಅರ್ಧಸತ್ಯ. ಒಳವ್ಯಾಸ 40 ಸೆಂ.ಮೀ., ಎತ್ತರ 40 ಸೆಂ.ಮೀ. ಇರುವ ಕುಂಡವನ್ನು ತೆಗೆದುಕೊಳ್ಳೋಣ. ಎರಡು ಸೆಂ.ಮೀ. ದಪ್ಪದ ಸುಟ್ಟ ಮಣ್ಣಿನದಾದರೆ ಅದರ ತೂಕ ಸುಮಾರು 25 ಕೆ.ಜಿ.; ಒಂದು ಸೆಂ.ಮೀ. ದಪ್ಪದ ಫೈಬರ್ ಕ್ಲೇ ಆದರೆ ಸುಮಾರು 12 ಕೆ.ಜಿ. ಉಳಿತಾಯ 13 ಕೆ.ಜಿ. ಆದರೆ ಅದರೊಳಗೆ ಹಿಡಿಸುವ ಸುಮಾರು 44 ಲೀಟರ್ ಒದ್ದೆ ಮಣ್ಣು 70 ಕೆ.ಜಿ. ತೂಗುತ್ತದೆ! ಅರ್ಧಕ್ಕಿಂತ ಹೆಚ್ಚು ತೆಂಗಿನ ನಾರಿನ ಪುಡಿ ಬೆರೆಸಿದ ಗೊಬ್ಬರ-ಮಣ್ಣನ್ನು ತುಂಬಿದರೆ ಅದು 40 ಕೆ.ಜಿ.ಯ ಆಸುಪಾಸಿಗೆ ಇಳಿಯುತ್ತದೆ. ಅಂದರೆ ಕುಂಡಕ್ಕಿಂತ ಒಳಗಿನ ಮಣ್ಣಿನಿಂದಲೇ ಹೆಚ್ಚು ಭಾರ ಕಡಿಮೆಯಾಗುತ್ತದೆ. ಜನ ಓಡಾಡುವ ತಾರಸಿಗೆ ಐಎಸ್ 875 ಮಾನಕವು ಹಿಡಿಯುವ ಹೊರೆ ಚದರ ಮೀಟರಿಗೆ ಸುಮಾರು 150 ಕೆ.ಜಿ. ಮಾತ್ರ. ಅಷ್ಟು ಜಾಗದಲ್ಲಿ ಮಣ್ಣು ತುಂಬಿದ ನಾಲ್ಕು ಸಾಂಪ್ರದಾಯಿಕ ಕುಂಡಗಳಿಟ್ಟರೆ 380 ಕೆ.ಜಿ.; ಹಗುರ ಮಿಶ್ರಣದ ಫೈಬರ್ ಕ್ಲೇ ಕುಂಡಗಳಾದರೂ 200 ಕೆ.ಜಿ. ಮೀರುತ್ತದೆ. ಆದ್ದರಿಂದ ದೊಡ್ಡ ಕುಂಡಗಳನ್ನು ಗೋಡೆ, ಬೀಮುಗಳ ಮೇಲೆ ಬರುವಂತೆ ಇರಿಸಲು, ಸಂದೇಹವಿದ್ದಲ್ಲಿ ಇಂಜಿನಿಯರರನ್ನು ಕೇಳಲು ಗ್ರಾಹಕರಿಗೆ ತಿಳಿಸುವುದು ವ್ಯಾಪಾರಿಯ ಕರ್ತವ್ಯ.

ಹಾಗಾದರೆ ಲಾಭ ಎಲ್ಲಿದೆ? ದೊಡ್ಡ ಗಾತ್ರದಲ್ಲಿ. ಮೂರಡಿ ಎತ್ತರದ ಮಣ್ಣಿನ ಕುಂಡವನ್ನು ಒಡೆಯದಂತೆ ಸಾಗಿಸುವುದು ಕಷ್ಟ, ಇಬ್ಬರಿಂದ ಮೆಟ್ಟಿಲು ಹತ್ತಿಸುವುದು ಇನ್ನೂ ಕಷ್ಟ. ಫೈಬರ್ ಕ್ಲೇ ಇಲ್ಲಿ ನಿಸ್ಸಂಶಯವಾಗಿ ಮೇಲು. ಬಾಯಿ ಅಗಲವಾಗಿ ತಳ ಕಿರಿದಾಗಿದ್ದರೆ ಒಂದರೊಳಗೊಂದು ಕೂರುವುದರಿಂದ ಲಾರಿ ಬಾಡಿಗೆಯೂ ಉಳಿಯುತ್ತದೆ. ಅಚ್ಚು ಮಾಡಿಸುವಾಗಲೇ ಇದನ್ನು ಯೋಚಿಸಬೇಕು. ಒಂದಡಿಯೊಳಗಿನ ಸಣ್ಣ ಕುಂಡಗಳಲ್ಲಿ ಮಾತ್ರ ಕುಂಬಾರರ ಸರಕಿನೊಡನೆ ಸ್ಪರ್ಧೆಗಿಳಿಯುವುದು ವ್ಯರ್ಥ.

ತಯಾರಿಕೆಯಲ್ಲಿ ಮುಖ್ಯ ಎಚ್ಚರಿಕೆ ಗಾಜಿನ ನಾರಿನದು. ದೋಣಿ, ಟ್ಯಾಂಕುಗಳಿಗೆ ಬಳಸುವ ಸಾಮಾನ್ಯ ಗಾಜಿನ ನಾರನ್ನು ಸಿಮೆಂಟಿನ ಕ್ಷಾರ ತಿನ್ನುತ್ತದೆ. ಮಾರುವಾಗ ಗಟ್ಟಿಯಾಗಿದ್ದ ಕುಂಡ ಕಾಲಾಂತರದಲ್ಲಿ ಪೆಡಸಾಗಿ ಬಿರುಕು ಬಿಡುತ್ತದೆ. ಅಷ್ಟರಲ್ಲಿ ತಯಾರಕನ ಹೆಸರೂ ಕೆಟ್ಟಿರುತ್ತದೆ. ಸಿಮೆಂಟ್ ಮಿಶ್ರಣಕ್ಕೆ ಜಿರ್ಕೋನಿಯಾ ಸೇರಿದ, ಕ್ಷಾರ ತಾಳುವ ಗಾಜಿನ ನಾರೇ ಬೇಕು. ಬೆಲೆ ಹೆಚ್ಚೆಂದು ಇಲ್ಲಿ ಜಿಪುಣತನ ಸಲ್ಲದು. ಅಚ್ಚಿನಿಂದ ತೆಗೆದ ನಂತರ ಕನಿಷ್ಠ ಒಂದು ವಾರ ತೇವ ಆರದಂತೆ ಕ್ಯೂರಿಂಗ್ ಮಾಡಬೇಕು. ಬಳಿಕ ನೀರಿನಲ್ಲಿ ನೆನೆಸಿ, ಆ ನೀರನ್ನು ಬದಲಿಸಿ ತೊಳೆದರೆ ಬೇರಿಗೆ ಹಾನಿಕರವಾದ ಸುಣ್ಣದ ಅಂಶ ತಗ್ಗುತ್ತದೆ. ನಾರು ಕತ್ತರಿಸುವ, ಅಂಚು ಉಜ್ಜುವ ಕೆಲಸಗಾರರಿಗೆ ಧೂಳು ತಡೆಯುವ ಮುಖಗವಸು, ಕೈಗವಸು ಕೊಡಲೇಬೇಕು.

ಸುಟ್ಟ ಮಣ್ಣಿನ ಕುಂಡ ತನ್ನ ಮೈಯಿಂದಲೇ ನೀರನ್ನು ಆರಿಸಿ ಬೇರನ್ನು ತಂಪಾಗಿಡುತ್ತದೆ. ಫೈಬರ್ ಕ್ಲೇಯಲ್ಲಿ ಈ ಗುಣ ಕಡಿಮೆ. ಬೇಸಿಗೆಯಲ್ಲಿ ಇದು ನೀರಿನ ಉಳಿತಾಯ, ಮಳೆಗಾಲದಲ್ಲಿ ಬೇರು ಕೊಳೆಯಲು ಕಾರಣ. ತಳದಲ್ಲಿ ಸಾಕಷ್ಟು ರಂಧ್ರಗಳಿಲ್ಲದ ಕುಂಡವನ್ನು ಕರಾವಳಿ, ಮಲೆನಾಡಿನ ಅಂಗಡಿಗಳಿಗೆ ಕಳುಹಿಸುವುದೇ ತಪ್ಪು.

ಬಿಲ್ಲಿನಲ್ಲಿ ಬರೆಯುವ ಹೆಸರಿನ ಬಗೆಗೂ ಜಾಗ್ರತೆ ಬೇಕು. ಸುಂಕ ವರ್ಗೀಕರಣದ 69ನೆಯ ಅಧ್ಯಾಯ ಆಕಾರ ಕೊಟ್ಟ ನಂತರ ಬೆಂಕಿಯಲ್ಲಿ ಸುಟ್ಟ ವಸ್ತುಗಳಿಗೆ ಮಾತ್ರ ಅನ್ವಯಿಸುತ್ತದೆ. ಹೆಸರಿನಲ್ಲಿ ‘ಕ್ಲೇ’ ಇದ್ದ ಮಾತ್ರಕ್ಕೆ ಫೈಬರ್ ಕ್ಲೇ ಅದರಡಿ ಬರುವುದಿಲ್ಲ. ಸಿಮೆಂಟಿನ ವಸ್ತುಗಳು 68ನೆಯ ಅಧ್ಯಾಯದವು, ರೆಸಿನ್ ಪ್ರಧಾನವಾದವುಗಳ ಲೆಕ್ಕ ಬೇರೆ. ಮಿಶ್ರಣದ ವಿವರವನ್ನು ತೆರಿಗೆ ಸಲಹೆಗಾರರಿಗೆ ತೋರಿಸಿ, ಸರಿಯಾದ ಸಂಕೇತ ಸಂಖ್ಯೆ ನಿರ್ಧರಿಸಿಕೊಂಡ ಬಳಿಕವೇ ಮೊದಲ ಬಿಲ್ ಬರೆಯುವುದು ಕ್ಷೇಮ.