ಮಿಷನ್ ಯಾಕೆ ನಿಂತು ನಿಂತು ಹೋಗುತ್ತೆ?

ನಮ್ಮದು ಕನಕಪುರ ತಾಲ್ಲೂಕು, ಉಯ್ಯಂಬಳ್ಳಿ ಕಡೆ. ಇಲ್ಲಿ ರಾಗಿ ಹೊಲ ಇದೆ. ಹಿಪ್ಪುನೇರಳೆ ತೋಟ ಇದೆ. ಒಂದೆರಡು ಮಳೆ ಬಿದ್ದರೆ ಸಾಕು, ತೋಟದ ಸಾಲಿನಲ್ಲಿ ಕಳೆ ಮೊಣಕಾಲುದ್ದ ಬೆಳೆಯುತ್ತದೆ. ಕಳೆ ತೆಗೆಯುವವರು ಯಾರು? ನಾವೇ, ಹೆಂಗಸರು. ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಗುತ್ತದೆ.

ಅದಕ್ಕೇ ನಮ್ಮ ಸಂಘದವರು ಸೇರಿ ಸಾಲ ಮಾಡಿ ಕಳೆ ಕತ್ತರಿಸುವ ಮಿಷನ್ ತಂದೆವು. ಭುಜಕ್ಕೆ ನೇತು ಹಾಕಿಕೊಂಡು ಓಡಿಸುವುದು. ಸರದಿಯಂತೆ ಒಬ್ಬೊಬ್ಬರ ತೋಟಕ್ಕೆ ಹೋಗುತ್ತಿತ್ತು. ಬೇರೆಯವರಿಗೆ ಬಾಡಿಗೆಗೂ ಕೊಡುತ್ತಿದ್ದೆವು. ಆ ದುಡ್ಡಿನಲ್ಲೇ ಸಾಲದ ಕಂತು ಕಟ್ಟಬೇಕು.

ಒಂದು ದಿನ ಮಿಷನ್ ಹತ್ತು ನಿಮಿಷ ಓಡಿತು. ಗುರ್ ಎಂದು ನಿಂತಿತು. ಹಗ್ಗ ಎಳೆದೆವು, ಹತ್ತಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಎಳೆದೆವು, ಹತ್ತಿತು! ಮತ್ತೆ ಹತ್ತು ನಿಮಿಷ. ಮತ್ತೆ ನಿಂತಿತು. ದಿನವೆಲ್ಲಾ ಇದೇ ಗೋಳು. ತೋಳು ಸೋತು ಹೋಯಿತು.

"ಮಿಷನ್ ಎಲ್ಲಾ ನಿಮ್ಮ ಕೈಲಿ ಆಗುತ್ತೇನವ್ವ?" ಎಂದು ದಾರಿಯಲ್ಲಿ ಹೋಗುತ್ತಿದ್ದವರು ನಕ್ಕರು. ನಮಗೆ ರೋಷ ಬಂತು. ಪೇಟೆಗೆ ಹೋಗಿ ಹೊಸ ಪ್ಲಗ್ ತಂದು ಹಾಕಿಸಿದೆವು. ದುಡ್ಡು ಹೋಯಿತು. ಮಿಷನ್ ಮಾತ್ರ ಹಾಗೇ ನಿಲ್ಲುತ್ತಿತ್ತು.

ಆಗ ನಮ್ಮ ದೊಡ್ಡಮ್ಮ ಒಬ್ಬರು ಕೇಳಿದರು. "ಅದು ಯಾವಾಗ ನಿಲ್ಲುತ್ತೆ ಅಂತ ಬರೆದು ಇಟ್ಟಿದ್ದೀರಾ? ಮಗುಗೆ ಜ್ವರ ಬಂದರೆ ಡಾಕ್ಟ್ರು ಏನು ಕೇಳ್ತಾರೆ? ಯಾವಾಗ ಬರುತ್ತೆ, ಎಷ್ಟು ಹೊತ್ತು ಇರುತ್ತೆ ಅಂತ ತಾನೇ?"

ಅವರ ಮಾತು ಸರಿ ಎನಿಸಿತು. ಅವತ್ತಿನಿಂದ ನೋಟ್ ಬುಕ್ಕಿನಲ್ಲಿ ಬರೆಯತೊಡಗಿದೆವು. ಹತ್ತಿದ್ದು ಎಷ್ಟು ಗಂಟೆಗೆ, ನಿಂತಿದ್ದು ಎಷ್ಟು ಗಂಟೆಗೆ. ಅಕ್ಷರ ಸೊಟ್ಟಗಿತ್ತು. ಆದರೂ ಲೆಕ್ಕ ಸರಿಯಾಗಿತ್ತು. ಪ್ರತಿ ಸಲವೂ ಹತ್ತು, ಹನ್ನೊಂದು ನಿಮಿಷ.

ನಮ್ಮ ಒಲೆಯನ್ನೇ ನೋಡಿ. ಒಲೆ ಉರಿಯಲು ಸೌದೆ ಬೇಕು, ಗಾಳಿ ಬೇಕು, ಕಿಡಿ ಬೇಕು. ಹೊಗೆ ಹೊರಗೆ ಹೋಗಬೇಕು. ಎಂಜಿನ್ನಿಗೂ ಅಷ್ಟೆ. ಪೆಟ್ರೋಲೇ ಸೌದೆ. ಏರ್ ಫಿಲ್ಟರ್ ಗಾಳಿಯ ದಾರಿ. ಪ್ಲಗ್ ಕಿಡಿ ಕೊಡುತ್ತದೆ. ಸೈಲೆನ್ಸರಿನಲ್ಲಿ ಹೊಗೆ ಹೋಗುತ್ತದೆ. ಈ ನಾಲ್ಕರಲ್ಲಿ ಯಾವುದು ಕೈಕೊಡುತ್ತಿದೆ?

ಹತ್ತು ನಿಮಿಷ ಚೆನ್ನಾಗಿ ಓಡುತ್ತದೆ ಎಂದ ಮೇಲೆ ಕಿಡಿಯೂ ಇದೆ, ಗಾಳಿಯೂ ಇದೆ. ಹಾಗಾದರೆ ಪೆಟ್ರೋಲ್ ಬರುವುದು ನಡುವೆ ನಿಲ್ಲುತ್ತಿದೆಯೇ? ಎಣ್ಣೆ ಡಬ್ಬಕ್ಕೆ ಒಂದೇ ತೂತು ಮಾಡಿದರೆ ಏನಾಗುತ್ತದೆ? ಎಣ್ಣೆ ಸರಿಯಾಗಿ ಬೀಳುವುದಿಲ್ಲ. ಎದುರಿಗೆ ಇನ್ನೊಂದು ತೂತು ಮಾಡಿದರೆ ಗಾಳಿ ಒಳಗೆ ಹೋಗುತ್ತದೆ, ಎಣ್ಣೆ ಸುರಿಯುತ್ತದೆ. ಪೆಟ್ರೋಲ್ ಟ್ಯಾಂಕಿಗೂ ಅಂಥ ಒಂದು ಸಣ್ಣ ಗಾಳಿದಾರಿ ಇರುತ್ತದೆ. ಹೆಚ್ಚಾಗಿ ಮುಚ್ಚಳದಲ್ಲೇ ಇರುತ್ತದೆ. ಕೆಲವು ಮಿಷನ್ನಿನಲ್ಲಿ ಬೇರೆ ಕೊಳವೆ ಇರುತ್ತದೆ.

ಮಿಷನ್ ನಿಂತಾಗ ಬಯಲಿನಲ್ಲಿ ನೇರವಾಗಿ ಇಟ್ಟೆವು. ಐದು ನಿಮಿಷ ಆರಲು ಬಿಟ್ಟು ಮುಚ್ಚಳವನ್ನು ಮೆಲ್ಲಗೆ ಅರ್ಧ ಸುತ್ತು ಸಡಿಲಿಸಿದೆವು. "ಸುಯ್" ಎಂದು ಗಾಳಿ ಒಳಗೆ ಎಳೆದುಕೊಂಡಿತು. ಸಿಕ್ಕಿತಲ್ಲ ಕಳ್ಳ! ಮುಚ್ಚಳದ ಗಾಳಿದಾರಿಯಲ್ಲಿ ಎಣ್ಣೆ, ಕೆಮ್ಮಣ್ಣು ಸೇರಿ ಗಟ್ಟಿಯಾಗಿತ್ತು. ಮುಚ್ಚಳವನ್ನು ಸೋಪಿನ ನೀರಿನಲ್ಲಿ ತೊಳೆದು, ಒಣಗಿಸಿ ಹಾಕಿದೆವು. ಸೂಜಿ ಚುಚ್ಚಲಿಲ್ಲ. ಚುಚ್ಚಿದರೆ ಒಳಗಿನ ರಬ್ಬರು ಹರಿಯಬಹುದು. ಅವತ್ತು ಟ್ಯಾಂಕ್ ಖಾಲಿಯಾಗುವ ತನಕ ಮಿಷನ್ ಓಡಿತು. ಪ್ಲಗ್ಗಿಗೆ ಕೊಟ್ಟ ದುಡ್ಡು ನೆನೆದು ಹೊಟ್ಟೆ ಉರಿಯಿತು.

ಮುಚ್ಚಳ ಸರಿ ಇದ್ದೂ ಬಿಸಿಯಾದ ಮೇಲೆ ನಿಂತರೆ? ಕಿಡಿ ಕೊಡುವ ಕಾಯಿಲ್ ಬಿಸಿಗೆ ಸೋಲುತ್ತಿರಬಹುದು. ಅದು ನಮ್ಮ ಕೈಲಿ ಆಗುವ ಕೆಲಸ ಅಲ್ಲ. ಮೆಕ್ಯಾನಿಕ್ ಹತ್ತಿರ ಹೋಗಿ "ಬಿಸಿಯಾದಾಗ ನಿಲ್ಲುತ್ತೆ, ಆರಿದರೆ ಹತ್ತುತ್ತೆ ಅಣ್ಣ" ಎಂದು ಹೇಳಿ. ಆ ಒಂದು ಮಾತಿನಿಂದ ಅವರ ಕೆಲಸವೂ ಸಲೀಸು, ನಮ್ಮ ದುಡ್ಡೂ ಉಳಿಯುತ್ತದೆ.

ಬೇಸಿಗೆ ಕಳೆದು ಮಿಷನ್ ತೆಗೆದಾಗ ಇನ್ನೊಂದು ತೊಂದರೆ ಬಂತು. ಚೋಕ್ ಹಾಕಿದರೆ ಹತ್ತುತ್ತಿತ್ತು, ಚೋಕ್ ತೆಗೆದರೆ ಸಾಯುತ್ತಿತ್ತು. ಅಂದರೆ ಪೆಟ್ರೋಲ್ ಸಾಲುತ್ತಿಲ್ಲ. ಟ್ಯಾಂಕಿನಲ್ಲಿ ಹಳೆಯ ಪೆಟ್ರೋಲ್ ಬಿಟ್ಟಿದ್ದೆವು. ಈಗ ಬಂಕಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ. ಎಥನಾಲ್ ನೀರಿನ ತೇವ ಎಳೆದುಕೊಳ್ಳುತ್ತದೆ. ಹಳೆಯ ಪೆಟ್ರೋಲ್ ಅಂಟಾಗಿ ಕಾರ್ಬುರೇಟರಿನ ಸಣ್ಣ ತೂತನ್ನು ಮುಚ್ಚುತ್ತದೆ. ಹಳೆಯದನ್ನು ತೆಗೆದು, ಟ್ಯಾಂಕಿನೊಳಗೆ ಕೊಳವೆಯ ತುದಿಯಲ್ಲಿರುವ ಸಣ್ಣ ಫಿಲ್ಟರ್ ಬದಲಾಯಿಸಿದೆವು. ಕಾರ್ಬುರೇಟರನ್ನು ಮೆಕ್ಯಾನಿಕ್ ತೊಳೆದುಕೊಟ್ಟರು. ಈಗ ತಿಂಗಳುಗಟ್ಟಲೆ ಕೆಲಸ ಇಲ್ಲದಿದ್ದರೆ ಟ್ಯಾಂಕ್ ಖಾಲಿ ಮಾಡಿ, ತಾನೇ ನಿಲ್ಲುವ ತನಕ ಓಡಿಸಿ ಎತ್ತಿಡುತ್ತೇವೆ.

ಏರ್ ಫಿಲ್ಟರ್ ಸ್ಪಂಜನ್ನು ಸೋಪಿನ ನೀರಿನಲ್ಲಿ ಹಿಂಡಿ, ನೆರಳಿನಲ್ಲಿ ಒಣಗಿಸಿ ಹಾಕಬೇಕು. ಅದು ಕಟ್ಟಿಕೊಂಡರೆ ಪ್ಲಗ್ ಕಪ್ಪಾಗಿ ಒದ್ದೆಯಾಗುತ್ತದೆ. ಪ್ಲಗ್ಗಿನ ತುದಿ ಕಂದು ಬಣ್ಣ ಇದ್ದರೆ ಚಿಂತೆ ಇಲ್ಲ. ಸೈಲೆನ್ಸರಿನಲ್ಲಿ ಮಸಿ ಕಟ್ಟಿದರೂ ಎಂಜಿನ್ ಉಸಿರುಗಟ್ಟುತ್ತದೆ.

ಇನ್ನು ಆಯಿಲ್ ವಿಚಾರ. ಇದರಲ್ಲಿ ತಪ್ಪಿದರೆ ಮಿಷನ್ನೇ ಹೋಯಿತು. ಹಿಂದೆ ಲೂನಾ ಗಾಡಿಗೆ ಪೆಟ್ರೋಲ್ ಜೊತೆ ಆಯಿಲ್ ಹಾಕಿಸುತ್ತಿದ್ದುದು ನೆನಪಿದೆಯೇ? ಇದೂ ಅದೇ ಜಾತಿ, ಟು ಸ್ಟ್ರೋಕ್. ಆಯಿಲಿಗೆ ಬೇರೆ ಜಾಗ ಇಲ್ಲ. ಪೆಟ್ರೋಲಿನಲ್ಲೇ ಕಲಸಬೇಕು. ಬರೀ ಪೆಟ್ರೋಲ್ ಹಾಕಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಆಯಿಲ್ ಹೆಚ್ಚಾದರೆ ಹೊಗೆ ಬರುತ್ತದೆ, ಪ್ಲಗ್ ಒದ್ದೆಯಾಗಿ ಮಿಷನ್ ನಿಲ್ಲುತ್ತದೆ. ಮಿಷನ್ ಜೊತೆ ಬಂದ ಪುಸ್ತಕ ನೋಡಿ. 25ಕ್ಕೆ 1 ಎಂದಿದ್ದರೆ ಒಂದು ಲೀಟರಿಗೆ 40 ಮಿ.ಲೀ. ಟು ಸ್ಟ್ರೋಕ್ ಆಯಿಲ್. 50ಕ್ಕೆ 1 ಎಂದಿದ್ದರೆ 20 ಮಿ.ಲೀ. ನಾವು ಟಾನಿಕ್ ಬಾಟಲಿಯ 10 ಮಿ.ಲೀ. ಮುಚ್ಚಳದಲ್ಲಿ ಅಳೆಯುತ್ತೇವೆ. ಆ ಮುಚ್ಚಳವನ್ನು ಮತ್ತೆ ಮಕ್ಕಳ ಔಷಧಿಗೆ ಮುಟ್ಟಿಸುವುದಿಲ್ಲ.

ಬಿಸಿ ಎಂಜಿನ್ನಿಗೆ ಪೆಟ್ರೋಲ್ ಹಾಕಬೇಡಿ. ಹತ್ತಿರ ಒಲೆ, ಬೀಡಿ ಬೇಡ. ಬ್ಲೇಡಿಗೆ ಹುಲ್ಲು ಸುತ್ತಿಕೊಂಡರೆ ಎಂಜಿನ್ ನಿಲ್ಲಿಸಿ, ಪ್ಲಗ್ಗಿನ ವೈರು ತೆಗೆದು ಆಮೇಲೆ ಕೈ ಹಾಕಿ. ಸೆರಗು ಜೋತು ಬಿಡಬೇಡಿ. ಕಾಲಿಗೆ ಬೂಟು, ಕಣ್ಣಿಗೆ ಕನ್ನಡಕ ಇರಲಿ. ಕಲ್ಲು ಹಾರುತ್ತದೆ, ಮಕ್ಕಳು 15 ಮೀಟರ್ ದೂರ ಇರಲಿ. ಪೆಟ್ರೋಲ್ ಕೈಯಲ್ಲಿ ಸೊಪ್ಪು ಮುಟ್ಟಬೇಡಿ, ಸೋಪು ಹಾಕಿ ತೊಳೆಯಿರಿ. ಮಿಷನ್ನನ್ನು ಹುಳು ಮನೆಯಲ್ಲಿ ಇಡಬೇಡಿ.

ಓದಿ, ಲೆಕ್ಕ ಮಾಡಿ, ಬರೆಯಿರಿ

1. ಒಂದು ಲೀಟರಿಗೆ 40 ಮಿ.ಲೀ. ಆಯಿಲ್ ಆದರೆ 3 ಲೀಟರಿಗೆ ಎಷ್ಟು? ________

2. ಆ ಆಯಿಲ್ ಅಳೆಯಲು 10 ಮಿ.ಲೀ. ಮುಚ್ಚಳದಲ್ಲಿ ಎಷ್ಟು ಮುಚ್ಚಳ ಬೇಕು? ________

3. ನಿಮ್ಮ ಮನೆಯ ಅಥವಾ ಸಂಘದ ಮಿಷನ್ ಹತ್ತಿದ್ದು ________ ಗಂಟೆಗೆ. ನಿಂತಿದ್ದು ________ ಗಂಟೆಗೆ. ಓಡಿದ್ದು ________ ನಿಮಿಷ.