ನಿಮ್ಮ ಪತ್ರದಲ್ಲಿ ಡಿಸೆಂಬರ್ ಎಲ್ಲಿ?

ಪ್ರಶ್ನೆ: ನನಗೆ 24 ವರ್ಷ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುವಾಗ ವಿನಿಮಯ ಕಾರ್ಯಕ್ರಮದಲ್ಲಿ ಒಂದು ಸೆಮಿಸ್ಟರ್, ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ, ಜರ್ಮನಿಯ ಡ್ರೆಸ್ಡೆನ್‌ನಲ್ಲಿದ್ದೆ. ಈಗ ಬೆಂಗಳೂರಿನಲ್ಲಿ ಕೆಲಸ, ಪಿ.ಜಿ.ಯಲ್ಲಿ ವಾಸ. ಕೆಲಸ ಚೆನ್ನಾಗಿಯೇ ಇದೆ, ಮನಸ್ಸು ಮಾತ್ರ ಇಲ್ಲಿಲ್ಲ. ರಾತ್ರಿ ಹತ್ತಕ್ಕೆ ಒಬ್ಬಳೇ ಟ್ರ್ಯಾಮ್ ಇಳಿದು ಹಾಸ್ಟೆಲಿಗೆ ನಡೆದು ಹೋಗುತ್ತಿದ್ದೆ, ಯಾರೂ ಏನೂ ಕೇಳುತ್ತಿರಲಿಲ್ಲ. ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ಹಾಕಿ 25 ಸೆಂಟಿನ ಚೀಟಿ ಪಡೆಯುತ್ತಿದ್ದುದೂ ನೆನಪಾಗುತ್ತದೆ. ಮೊಬೈಲಿನಲ್ಲಿ ಇವತ್ತಿಗೂ ಅಲ್ಲಿನ ಗಡಿಯಾರ ಇಟ್ಟುಕೊಂಡಿದ್ದೇನೆ. ಅಲ್ಲೇ ಎಂ.ಎಸ್. ಮಾಡುತ್ತೇನೆ ಎಂದರೆ ಅಮ್ಮ, ‘ಒಂದ್ಸಲ ಹೋಗಿ ಬಂದಾಯ್ತಲ್ಲ, ಇನ್ನು ಗಂಡು ನೋಡೋಣ’ ಅನ್ನುತ್ತಾರೆ. ಅಪ್ಪ, ಮನೆ ಅಡ ಇಟ್ಟಾದರೂ ಕಳಿಸುತ್ತೇನೆ ಅನ್ನುತ್ತಾರೆ. ನನಗೇನು ಹುಚ್ಚೇ?
— ಹೆಸರು ಬೇಡ, ದಾವಣಗೆರೆ

ಉತ್ತರ: ಹುಚ್ಚಲ್ಲ. ಹೊರದೇಶದಲ್ಲಿ ಕೆಲಕಾಲ ಇದ್ದು ಬಂದವರಿಗೆ ಸ್ವಂತ ಊರೇ ಒಗ್ಗದೆ ಹೋಗುವುದನ್ನು ಸಂಶೋಧಕರಾದ ಜಾನ್ ಮತ್ತು ಜೀನ್ ಗುಲ್ಲಾಹಾರ್ನ್ 1963ರಲ್ಲೇ ಬರೆದಿಟ್ಟಿದ್ದಾರೆ. ಹೋದಾಗ ಒಮ್ಮೆ, ವಾಪಸ್ ಬಂದಾಗ ಇನ್ನೊಮ್ಮೆ ಮನಸ್ಸು ಕುಸಿದು ಏಳುತ್ತದೆ ಎಂಬುದು ಅವರ ವಾದ. ಹೋಗುವಾಗಿನ ಕುಸಿತಕ್ಕೆ ಮನೆಯವರು ಚಟ್ನಿಪುಡಿ, ಉಪ್ಪಿನಕಾಯಿ ಕಟ್ಟಿ ಕಳಿಸುತ್ತಾರೆ. ಬಂದಾಗಿನ ಕುಸಿತಕ್ಕೆ ಯಾರೂ ಏನೂ ಕಟ್ಟಿಕೊಡುವುದಿಲ್ಲ.

ದೂರದ ಬೆಟ್ಟ ನುಣ್ಣಗೆ ಎಂದು ನಿಮಗೆ ಹೇಳುವಂತಿಲ್ಲ, ನೀವು ಬೆಟ್ಟ ಹತ್ತಿ ಇಳಿದವರು. ಆದರೆ ಒಂದು ಮಾತು. ಅಕ್ಟೋಬರ್‌ನಿಂದ ಮಾರ್ಚ್ ಅಂದರೆ ಚಳಿಗಾಲ ಪೂರ್ತಿ ಅಲ್ಲಿದ್ದಿರಿ. ಡ್ರೆಸ್ಡೆನ್‌ನಲ್ಲಿ ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೆಲ್ಲ ಹೊತ್ತು ಮುಳುಗುತ್ತದೆ. ಭಾನುವಾರ ಅಂಗಡಿ ಮುಚ್ಚಿರುತ್ತವೆ. ಜೊತೆಯವರು ಕ್ರಿಸ್‌ಮಸ್‌ಗೆ ಮನೆಗೆ ಹೋದಾಗ ಹಾಸ್ಟೆಲ್ ಹೇಗಿತ್ತು? ನಿಮ್ಮ ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ. ಬೇಕೆಂದು ಬಿಟ್ಟಿರಲಾರಿರಿ, ನೆನಪೇ ಹಾಗೆ ಆರಿಸಿಕೊಂಡಿದೆ. ಜೊತೆಗೆ, ವಾಪಸ್ ಬರುವ ದಿನ ಆಗ ಮೊದಲೇ ಗೊತ್ತಿತ್ತು. ಮುಗಿಯುವ ದಿನ ಗೊತ್ತಿರುವಾಗ ಯಾವ ಕಷ್ಟವೂ ಹಗುರ. ಎರಡು ವರ್ಷ ಓದಿ, ಆಮೇಲೆ ಕೆಲಸ ಹುಡುಕುತ್ತಾ, ಸಾಲದ ಕಂತು ಲೆಕ್ಕ ಹಾಕುತ್ತಾ ಇರುವುದು ಬೇರೆಯೇ ಬದುಕು.

ಆ ರಾತ್ರಿ ಹತ್ತರ ನಡಿಗೆಯನ್ನು ಮಾತ್ರ ನಾನು ಹಗುರವಾಗಿ ಕಾಣುವುದಿಲ್ಲ. ನಮ್ಮ ಎಷ್ಟೋ ಹೆಣ್ಣುಮಕ್ಕಳು ಇಡೀ ಬದುಕಿನಲ್ಲಿ ಒಂದು ರಾತ್ರಿಯೂ ಹಾಗೆ ನಡೆದಿಲ್ಲ. ಅದನ್ನು ಕಂಡವಳಿಗೆ ‘ಅಡ್ಜಸ್ಟ್ ಮಾಡ್ಕೋ’ ಎನ್ನುವುದು ಅನ್ಯಾಯ. ಆದರೆ ಅದರಲ್ಲಿ ಎರಡು ಭಾಗಗಳಿವೆ: ನಿರ್ಭಯವಾದ ಬೀದಿ ಒಂದು, ‘ಎಲ್ಲಿಗೆ ಹೋಗಿದ್ದೆ’ ಎಂದು ಯಾರೂ ಕೇಳದಿರುವುದು ಇನ್ನೊಂದು. ಮೊದಲನೆಯದು ನಿಮ್ಮ ಕೈಲಿಲ್ಲ. ಎರಡನೆಯದಕ್ಕೆ ಜರ್ಮನಿಯೇ ಬೇಕೆಂದಿಲ್ಲ. ಗೇಟಿಗೆ ಬೀಗ ಹಾಕುವ ಪಿ.ಜಿ. ಬಿಟ್ಟು ಇಬ್ಬರು ಗೆಳತಿಯರ ಜೊತೆ ಬಾಡಿಗೆ ಮನೆ ಹಿಡಿಯಿರಿ. ಅಡ್ವಾನ್ಸ್ ಕೊಡಬೇಕಾಗುತ್ತದೆ, ಕೊಡಿ. ಇದನ್ನು ಎಲ್ಲಕ್ಕಿಂತ ಮೊದಲು ಮಾಡಿ. ಆಮೇಲೂ ಹಂಬಲ ಎಷ್ಟು ಉಳಿಯಿತೋ ಅದಷ್ಟೇ ನಿಜವಾಗಿ ಆ ದೇಶದ್ದು.

ಮದುವೆಯ ಮಾತು ಬೇರೆ. ಈಗ ಬೇಡವಾದರೆ ಅಮ್ಮನಿಗೆ ನೇರವಾಗಿ ‘ಈಗ ಬೇಡ’ ಅನ್ನಿ. ವೀಸಾವನ್ನು ನೆಪ ಮಾಡಿದರೆ, ವೀಸಾ ಸಿಗದ ದಿನ ನಿಮ್ಮ ಮಾತೂ ಬಿದ್ದುಹೋಗುತ್ತದೆ.

ಇನ್ನು ಎಂ.ಎಸ್. ಓದುವ ವಿಷಯವೇ ನಿಮ್ಮನ್ನು ಎಳೆಯುತ್ತಿದ್ದರೆ ಹೋಗಿ. ನಿಮ್ಮ ಪತ್ರದಲ್ಲಿ ಟ್ರ್ಯಾಮ್ ಇದೆ, ಬಾಟಲಿ ಇದೆ, ಯಾವ ವಿಷಯ ಓದಬೇಕು ಎಂಬುದು ಮಾತ್ರ ಇಲ್ಲ. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುತೇಕ ಬೋಧನಾ ಶುಲ್ಕ ಇಲ್ಲ ಎಂಬುದು ನಿಜ. ಆದರೆ ವಿದ್ಯಾರ್ಥಿ ವೀಸಾಕ್ಕೆ ತಿಂಗಳಿಗೆ 992 ಯೂರೋದಂತೆ ವರ್ಷದ 11,904 ಯೂರೋ ಮೊದಲೇ ಖಾತೆಯಲ್ಲಿ ಕಟ್ಟಿಡಬೇಕು. ಅದಕ್ಕಾಗಿ ಅಪ್ಪ ಮನೆ ಅಡ ಇಡುವುದು ಬೇಡ. ನೆನಪಿನ ಬೆನ್ನು ಹತ್ತಲು ಸ್ನಾತಕೋತ್ತರ ಪದವಿ ಬಲು ದುಬಾರಿ ಟಿಕೆಟ್.

ನಿಮಗೆ ಒಪ್ಪುವ ದಾರಿ ಬೇರೆ ಇದೆ. 2024ರ ಜೂನ್‌ನಿಂದ ಜರ್ಮನಿ ‘ಚಾನ್ಸೆನ್‌ಕಾರ್ಟೆ’ ಎಂಬ ಕಾರ್ಡು ಕೊಡುತ್ತಿದೆ. ಕೈಯಲ್ಲಿ ಕೆಲಸವಿಲ್ಲದೆಯೂ ಹೋಗಿ ಒಂದು ವರ್ಷ ಹುಡುಕಬಹುದು, ವಾರಕ್ಕೆ 20 ಗಂಟೆ ದುಡಿಯಲೂಬಹುದು. ನಿಮ್ಮ ಪದವಿಗೆ ಅದನ್ನು ಪಡೆದ ದೇಶದಲ್ಲಿ ಮಾನ್ಯತೆ ಇರಬೇಕು, ಜೊತೆಗೆ ಕನಿಷ್ಠ 6 ಅಂಕ ಬೇಕು. 35 ದಾಟದವರಿಗೆ 2 ಅಂಕ, ‘ಬಿ1’ ಮಟ್ಟದ ಜರ್ಮನ್‌ಗೆ 2, ಓದಿಗೆ ಹೊಂದುವ ಎರಡು ವರ್ಷದ ಅನುಭವಕ್ಕೆ 2. ಅಲ್ಲಿಗೆ ಆರು ಆಯಿತು. ಕಳೆದ ಐದು ವರ್ಷಗಳಲ್ಲಿ ಸತತ ಆರು ತಿಂಗಳು ಜರ್ಮನಿಯಲ್ಲಿದ್ದವರಿಗೆ ಇನ್ನೂ 1 ಅಂಕ ಉಂಟು. ನಿಮ್ಮ ಆ ಸೆಮಿಸ್ಟರ್ ಇಲ್ಲಿ ಕೆಲಸಕ್ಕೆ ಬರಬಹುದು. ಪಾಸ್‌ಪೋರ್ಟ್ ತೆಗೆದು ಹೋದ, ಬಂದ ದಿನದ ಮುದ್ರೆ ನೋಡಿ. ಐದು ತಿಂಗಳು ಇಪ್ಪತ್ತು ದಿನ ಎಂದಿದ್ದರೆ ಆ ಅಂಕ ಇಲ್ಲ. ಖರ್ಚು ಕಡಿಮೆಯೇನಲ್ಲ: 2025ರ ಲೆಕ್ಕದಲ್ಲಿ ತಿಂಗಳಿಗೆ 1,091 ಯೂರೋದಂತೆ ಹಣ ತೋರಿಸಬೇಕು. ಹಾಗಾಗಿ ಈಗಿನ ಕೆಲಸದಲ್ಲೇ ಎರಡು ವರ್ಷ ಮುಗಿಸಿ. ಅನುಭವವೂ ಆಗುತ್ತದೆ, ಉಳಿತಾಯವೂ. ಹೋಗುವುದು ನಿಮ್ಮ ದುಡ್ಡಿನಲ್ಲೇ ಆಗಲಿ.

ದೇಶ ಯಾವುದಾದರೂ ಸರಿ ಎನ್ನುವುದಾದರೆ, 18ರಿಂದ 30 ವಯಸ್ಸಿನ ಭಾರತೀಯ ಪದವೀಧರರಿಗೆ ಬ್ರಿಟನ್ ಎರಡು ವರ್ಷ ಇದ್ದು ದುಡಿಯುವ ವೀಸಾ ಕೊಡುತ್ತದೆ. ವರ್ಷಕ್ಕೆ 3,000 ಮಂದಿಗೆ, ಲಾಟರಿ ಎತ್ತಿ. ಹೆಸರು ಕೊಡಲು ಶುಲ್ಕವಿಲ್ಲ. ‘ನಾವು ಗ್ಯಾರಂಟಿ ಕೊಡಿಸ್ತೀವಿ’ ಎನ್ನುವ ಏಜೆಂಟರ ಬೋರ್ಡು ಕಂಡರೆ ರಸ್ತೆಯ ಆಚೆ ಬದಿಯಲ್ಲಿ ನಡೆಯಿರಿ. ಲಾಟರಿಗೆ ಗ್ಯಾರಂಟಿ ಕೊಡಬಲ್ಲವರು ಯಾರೂ ಇಲ್ಲ.

ಅಷ್ಟರೊಳಗೆ ಒಮ್ಮೆ ಡ್ರೆಸ್ಡೆನ್‌ಗೆ ಪ್ರವಾಸಿಯಾಗಿ ಹೋಗಿ ಬನ್ನಿ, ಅದೂ ನವೆಂಬರ್‌ನಲ್ಲಿ. ಹಳೆಯ ಸ್ನೇಹಿತರು ಚದುರಿಹೋಗಿರುತ್ತಾರೆ, ಊರು ಮಾತ್ರ ಇರುತ್ತದೆ. ಆ ಊರೊಂದೇ ನಿಮಗೆ ಸಾಕೇ ಎಂಬುದು ಎರಡು ವಾರದಲ್ಲಿ ತಿಳಿಯುತ್ತದೆ. ದುಬಾರಿ ಪರೀಕ್ಷೆ, ಒಪ್ಪುತ್ತೇನೆ. ಮನೆ ಅಡ ಇಡುವುದಕ್ಕಿಂತ ಅಗ್ಗ.

ಈ ತಿಂಗಳ ಕೆಲಸ ಒಂದೇ: ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ತರಗತಿಗೆ ಹೆಸರು ಹಚ್ಚಿ. ವಾರಾಂತ್ಯ ಕೂತು ಕ್ರಿಯಾಪದ ಉರುಹೊಡೆಯುವುದು ಆರು ತಿಂಗಳಾದರೂ ಬೇಸರ ತರದಿದ್ದರೆ ಕಾರ್ಡಿಗೆ ಅರ್ಜಿ ಹಾಕುವ ದಿನ ದೂರವಿಲ್ಲ. ಎರಡೇ ವಾರಕ್ಕೆ ತರಗತಿ ತಪ್ಪಿಸತೊಡಗಿದರೆ ನಿಮಗೆ ಬೇಕಿರುವುದು ಜರ್ಮನಿಯಲ್ಲ. ಆಗ ಇನ್ನೊಂದು ಪತ್ರ ಬರೆಯಿರಿ.